ಸಾಕ್ಷಿಕಟ್ಟೆ ಹತ್ತುವ ಮುನ್ನ



ಕೋರ್ಟೆಂದರೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಸಾಕ್ಷಿಕಟ್ಟೆ, ಪಾಟೀಸವಾಲು, ಕೊನೆಗೆ ತೀರ್ಪು. ಆದರೆ ಎಷ್ಟೋ ದಾವೆಗಳ ಹಣೆಬರಹ ಮೊದಲ ಸಾಕ್ಷಿ ಬಾಯಿ ತೆರೆಯುವ ಮುಂಚೆಯೇ ಗೊತ್ತಾಗಿರುತ್ತದೆ. ಆ ದಿನ ನಾವೆಲ್ಲಿರುತ್ತೇವೆ? ಕಾರ್ಮಿಕ ಪಾಳಿಯಲ್ಲಿ, ವರ್ತಕ ಅಂಗಡಿಯಲ್ಲಿ. ‘ವಕೀಲರು ನೋಡಿಕೊಳ್ಳುತ್ತಾರೆ’ ಎಂದು ಸುಮ್ಮನಿರುತ್ತೇವೆ. ಈ ಅಭ್ಯಾಸವನ್ನು ಬಿಡೋಣವೆಂದು ಹೇಳುವುದಕ್ಕೇ ನಾವಿಂದು ಎದ್ದು ನಿಂತಿದ್ದೇವೆ.

ಅಲ್ಲಿ ನಡೆಯುವುದೇನು? 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ ನ್ಯಾಯಾಧೀಶರು ಮೊದಲು ಉಭಯ ಪಕ್ಷದವರನ್ನೂ ಕೇಳುತ್ತಾರೆ: ಎದುರಾಳಿ ಹೇಳಿದ್ದರಲ್ಲಿ ಯಾವುದನ್ನು ಒಪ್ಪುತ್ತೀರಿ, ಯಾವುದನ್ನು ಅಲ್ಲಗಳೆಯುತ್ತೀರಿ? ಉತ್ತರ ಬರಹಕ್ಕಿಳಿಯುತ್ತದೆ. ಉಳಿದ ಜಗಳದಿಂದ ವಿವಾದಾಂಶಗಳನ್ನು ಗೊತ್ತುಮಾಡುತ್ತಾರೆ.

ನಾವು ಸರಕು ಕೊಟ್ಟೆವು, ಹಣ ಬರಲಿಲ್ಲ ಎನ್ನೋಣ. ‘ಸರಕು ತಲುಪಿತೆ?’ ಎಂಬುದು ವಿವಾದಾಂಶವಾದರೆ ರುಜುವಾತಿನ ಹೊರೆ ನಮ್ಮ ಹೆಗಲಿಗೆ. ಎದುರಾಳಿ ಸರಕು ತಲುಪಿದ್ದನ್ನು ಒಪ್ಪಿ ‘ಅದು ಕಳಪೆ’ ಎಂದರೆ, ಅದನ್ನು ತೋರಿಸುವ ಹೊರೆ ಅವನದು. ಒಂದು ಮಾತಿನಲ್ಲಿ ಹೊರೆ ಹೆಗಲು ಬದಲಿಸಿತು!

3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ವ್ಯಾಪಾರದ ವ್ಯಾಜ್ಯಗಳಿಗೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆ ಇನ್ನೂ ಬಿಗಿ. ಅಲ್ಲಿನ ಮೊದಲ ಬೈಠಕಿನಲ್ಲಿ ಸಾಕ್ಷಿಗಳ ಪಟ್ಟಿ, ಪ್ರಮಾಣಪತ್ರಗಳ ತಾರೀಖು, ವಾದದ ಅವಧಿ ಎಲ್ಲವೂ ನಿಗದಿಯಾಗುತ್ತವೆ. ಅಂದಿನಿಂದ 6 ತಿಂಗಳೊಳಗೆ ವಾದ ಮುಗಿಯಬೇಕು. ಗಡುವು ತಪ್ಪಿದರೆ ದಂಡದ ಖರ್ಚು ಬೀಳಬಹುದು, ಪಾಟೀಸವಾಲಿನ ಹಕ್ಕೂ ಹೋಗಬಹುದು.

ಇನ್ನು ರಾಜಿಯ ಮಾತು. 2002ರಿಂದ ಜಾರಿಯಲ್ಲಿರುವ 89ನೆಯ ಕಲಮಿನಂತೆ, ರಾಜಿಯ ಲಕ್ಷಣ ಕಂಡರೆ ನ್ಯಾಯಾಲಯ ವ್ಯಾಜ್ಯವನ್ನು ಮಧ್ಯಸ್ಥಿಕೆಗೋ ಲೋಕ ಅದಾಲತ್ತಿಗೋ ಕಳುಹಿಸಬಹುದು. ಒಳ್ಳೆಯದೇ. ವರ್ಷಗಟ್ಟಲೆ ಅಲೆದಾಟ ತಪ್ಪುತ್ತದೆ. ಮಧ್ಯಸ್ಥರ ಮುಂದೆ ಆಡಿದ್ದು ಗೋಪ್ಯ. ರಾಜಿ ಮುರಿದರೆ ಅದನ್ನು ನಮ್ಮ ವಿರುದ್ಧ ಸಾಕ್ಷ್ಯವಾಗಿ ಎತ್ತುವಂತಿಲ್ಲ.

ಆದರೆ ಆನೆಯೂ ಆಡೂ ಒಂದೇ ಚಾಪೆಯ ಮೇಲೆ ಕುಳಿತರೆ ಸಮಾನರಾದಾರೆ? ತಿಂಗಳ ಸಂಬಳಕ್ಕೆ ಕಾಯುವವನಿಗೆ ಕಾಯುವ ಶಕ್ತಿಯಿಲ್ಲ. ಎದುರಾಳಿಗೆ ಅದು ಗೊತ್ತು. ಆದ್ದರಿಂದ ಅರ್ಧಕ್ಕೆ ಒಪ್ಪಿಸುವ ಒತ್ತಾಯ ಬರುತ್ತದೆ. ನೆನಪಿರಲಿ: ಲೋಕ ಅದಾಲತ್ತಿನ ತೀರ್ಮಾನಕ್ಕೆ ಅಪೀಲಿಲ್ಲ. ಇಬ್ಬರೂ ಒಪ್ಪಿ ಪಡೆದ ಡಿಕ್ರಿಗೂ ಇಲ್ಲ. ಅಲ್ಲಿ ಹಾಕಿದ ರುಜು ಕಲ್ಲಿನ ಮೇಲಿನ ಗೆರೆ.

ಹಾಗಾಗಿ ಆ ದಿನ ಪಾಳಿ ಬದಲಿಸಿಕೊಂಡಾದರೂ, ಅಂಗಡಿಗೆ ಬೀಗ ಹಾಕಿಯಾದರೂ ನಾವೇ ಹೋಗೋಣ. ರಸೀದಿ, ಸಂಬಳದ ಚೀಟಿ ಕೈಯಲ್ಲಿರಲಿ. ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳದೆ ರುಜು ಹಾಕುವುದು ಬೇಡ. ವಕೀಲರ ಫೀಜಿಗೆ ಹಣವಿಲ್ಲವೆ? 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮು ಕೈಗಾರಿಕಾ ಕಾರ್ಮಿಕನಿಗೆ ಉಚಿತ ನೆರವಿನ ಹಕ್ಕು ಕೊಟ್ಟಿದೆ. ಜಿಲ್ಲಾ ಪ್ರಾಧಿಕಾರದ ಬಾಗಿಲು ತಟ್ಟೋಣ. ಅದು ಭಿಕ್ಷೆಯಲ್ಲ, ಹಕ್ಕು.

ನಮ್ಮ ವ್ಯಾಜ್ಯದಲ್ಲಿ ನಾವೇ ಗೈರುಹಾಜರಾದರೆ, ನ್ಯಾಯ ಯಾರ ಮುಖ ನೋಡಿ ಮಾತಾಡಬೇಕು?