ಗಾಣಕ್ಕೆ ಸಿಕ್ಕ ಕೈ

ಜಮಖಂಡಿ ತಾಲೂಕಿನ ಹುನ್ನೂರ ಕಬ್ಬಿನ ಸೀಮೆಯ ಊರು. ಈ ಸೀಮೆಯ ಕಬ್ಬು ಬಹುಮಟ್ಟಿಗೆ ಸಕ್ಕರೆ ಕಾರ್ಖಾನೆಗೆ ಹೋಗುತ್ತದೆ. ಉಳಿದದ್ದು ಗಾಣಕ್ಕೆ ಹೋಗಿ ಬೆಲ್ಲವಾಗುತ್ತದೆ. ಹತ್ತಿರದ ಮಹಾಲಿಂಗಪುರ ಬೆಲ್ಲದ ಪೇಟೆಗೆ ಹೆಸರಾದ ಊರು. ಬೆಲ್ಲದ ಸವಿಯನ್ನು ಹೊಗಳುವವರು ಬಹಳ. ಗಾಣದಲ್ಲಿ ಕೈ ಕಳೆದುಕೊಂಡವನ ಸುದ್ದಿ ತೆಗೆಯುವವರು ವಿರಳ. ಬಂಧುಗಳೆ, ಇಂದಿನ ಮಾತು ಅವನನ್ನು ಕುರಿತದ್ದು.

ಹಿಂದೆ ನಾಡಿನ ಹಲವೆಡೆ ಕಲ್ಲಿನ, ಕಟ್ಟಿಗೆಯ ಗಾಣಗಳಿದ್ದವು. ಕಬ್ಬನ್ನು ತುಂಡು ಮಾಡಿ ಒರಳಿಗೆ ಹಾಕಿ ಅರೆಯುತ್ತಿದ್ದರು. 1870ರ ದಶಕದಲ್ಲಿ ಬಿಹಾರದ ಬೀಹಿಯಾದಿಂದ ಕಬ್ಬಿಣದ ಉರುಳೆಗಳ ಗಾಣ ಹೊರಟು ದೇಶದಲ್ಲಿ ಹರಡಿತು. ಉರುಳೆಗಳ ನಡುವೆ ಇಡೀ ಕಬ್ಬನ್ನೇ ಕೊಡುವುದು ಅದರ ಕ್ರಮ. ರಸ ಹೆಚ್ಚು ಬಂತು. ಕೈ ಉರುಳೆಯ ಬಾಯಿಗೆ ಸಮೀಪವಾಯಿತು. ಆದರೂ ಎತ್ತಿನ ಕಾಲದಲ್ಲಿ ಒಂದು ಆಸರೆಯಿತ್ತು. ಗಾಣ ನಿಧಾನವಾಗಿ ತಿರುಗುತ್ತಿತ್ತು, ಕೂಗಿದರೆ ಎತ್ತು ನಿಲ್ಲುತ್ತಿತ್ತು. ಡೀಸೆಲ್ ಎಂಜಿನ್ನು, ವಿದ್ಯುತ್ ಮೋಟಾರು ಕೂಗಿಗೆ ನಿಲ್ಲುವುದಿಲ್ಲ.

ಈ ದುಃಖ ಹುನ್ನೂರಿನ ಸೀಮೆಗಷ್ಟೇ ಸೇರಿದ್ದಲ್ಲ. ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಲ್ಲಿ ಗಾಣದ ಪಕ್ಕದಲ್ಲೇ ಕೊಡಲಿ ಇಡುತ್ತಿದ್ದರು. ಗುಲಾಮನ ಬೆರಳು ಸಿಕ್ಕರೆ, ಜೀವ ಉಳಿಸಲು ತೋಳನ್ನೇ ಕಡಿಯಲೆಂದು! ಫ್ರಾನ್ಸಿನ ವೊಲ್ಟೇರ್ 1759ರಲ್ಲಿ ಪ್ರಕಟಿಸಿದ ‘ಕಾಂಡೀಡ್’ ಕೃತಿಯಲ್ಲಿ ಹೀಗೆ ಕೈ ಕಳೆದುಕೊಂಡ ಸುರಿನಾಮಿನ ಗುಲಾಮನೊಬ್ಬ ಬರುತ್ತಾನೆ.

ಗಾಣದ ಗಾಯ ಕುಡಗೋಲಿನ ಗಾಯದಂತಲ್ಲ. ಹರಿತವಾದ ಅಲಗು ಒಂದೇ ಕಡೆ ಕತ್ತರಿಸುತ್ತದೆ. ತುಂಡಾದ ಬೆರಳನ್ನು ಬೇಗ ಆಸ್ಪತ್ರೆಗೆ ಒಯ್ದರೆ ಮರಳಿ ಜೋಡಿಸುವ ಆಸೆಯುಂಟು. ಉರುಳೆಯಾದರೋ ಎಲುಬು, ಸ್ನಾಯು, ನರ, ರಕ್ತನಾಳಗಳನ್ನು ಉದ್ದಕ್ಕೂ ಜಜ್ಜುತ್ತದೆ. ಜೋಡಿಸಲು ಗಟ್ಟಿಯಾದ ತುದಿಯೇ ಸಿಗುವುದಿಲ್ಲ. ಜಜ್ಜಿದ ಮಾಂಸದಲ್ಲಿ ನಂಜು ಬೇಗ ಏರುವುದರಿಂದ ಎಷ್ಟೋ ಸಲ ವೈದ್ಯರು ಕೈಯನ್ನೇ ತೆಗೆಯಬೇಕಾಗುತ್ತದೆ.

ಕೈ ಹೋದದ್ದಕ್ಕೆ ಬೆಲೆ ಕಟ್ಟುವುದು ಹೇಗೆ? 1923ರ ಕಾರ್ಮಿಕರ ಪರಿಹಾರ ಕಾಯ್ದೆ ಒಂದು ಪಟ್ಟಿಯನ್ನೇ ಕೊಟ್ಟಿತು. ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇ. 30 ನಷ್ಟ, ತೋರುಬೆರಳು ಪೂರ್ತಿ ಹೋದರೆ ಶೇ. 14. ಆದರೆ ಗುಮಾಸ್ತನ ಹೆಬ್ಬೆರಳೂ ಬನಹಟ್ಟಿಯ ನೇಕಾರನ ಹೆಬ್ಬೆರಳೂ ಒಂದೇ ಏನು? 1975ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಮೊಕದ್ದಮೆಯಲ್ಲಿ ಇದಕ್ಕೆ ಉತ್ತರ ಕೊಟ್ಟಿತು: ಒಂದೇ ಕೈಯಿಂದ ಬಡಗಿತನ ಸಾಗದು, ಆದ್ದರಿಂದ ನಷ್ಟ ನೂರಕ್ಕೆ ನೂರು. ಗಾಯವನ್ನು ಅಳೆಯಬೇಕಾದದ್ದು ದುಡಿಮೆಯಿಂದ ಎಂಬುದು ಅದರ ತಿರುಳು. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ.

ಕಾನೂನು ಇದ್ದರೂ ಹೊಲದ ಗಾಣದಲ್ಲಿ ದುಡಿಯುವವನ ಕೈಗೆ ಅದು ಸುಲಭವಾಗಿ ಎಟಕುವುದಿಲ್ಲ. ಹಾಜರಿ ಪುಸ್ತಕವಿಲ್ಲ, ಪಗಾರದ ಚೀಟಿಯಿಲ್ಲ. ಗಾಣದ ಒಡೆಯ ಹಲವು ವೇಳೆ ಬಳಗದವನೋ ಓಣಿಯವನೋ ಆಗಿರುತ್ತಾನೆ. ದಾವೆ ಹೂಡಲು ಮನಸ್ಸು ಹಿಂಜರಿಯುತ್ತದೆ. ಆಸ್ಪತ್ರೆಯ ಖರ್ಚಿಗೆ ಸಾಲ ಆಗುತ್ತದೆ, ಸಾಲ ತೀರಿಸಬೇಕಾದ ಕೈಯೇ ಇರುವುದಿಲ್ಲ. ಆ ಭಾರ ಹೆಂಡತಿಯ ಕೂಲಿಯ ಮೇಲೆ, ಮಗನ ಶಾಲೆಯ ಮೇಲೆ ಬೀಳುತ್ತದೆ.

ಇದನ್ನು ತಡೆಯಲು ದೊಡ್ಡ ಹಣ ಬೇಕಿಲ್ಲ. ಒಕ್ಕುವ ಯಂತ್ರಗಳು ರೈತರ ಕೈ ನುಂಗತೊಡಗಿದಾಗ, ಕೈ ಒಳಗೆ ಮುಟ್ಟದಷ್ಟು ಉದ್ದದ ದೋಣಿಯನ್ನು ಅವುಗಳ ಬಾಯಿಗೆ ಜೋಡಿಸುವ ನಿಯಮ ಬಂತು. 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆಯೂ ಆಯಿತು. ಗಾಣಕ್ಕೂ ಅಂಥದೇ ದೋಣಿ, ಪಟ್ಟಿಗೆ ಮುಚ್ಚಳ, ಕಬ್ಬು ಕೊಡುವವನ ಕೈಗೆಟಕುವಂತೆ ಯಂತ್ರ ನಿಲ್ಲಿಸುವ ಗುಂಡಿ, ರಾತ್ರಿ ಒಳ್ಳೆಯ ಬೆಳಕು ಇದ್ದರೆ ಸಾಕು. ಜೋಲುವ ತೋಳು, ಸೆರಗು, ಟವೆಲ್ಲು ಉರುಳೆಯ ಬಳಿ ಬೇಡ. ಕೈ ಸಿಕ್ಕರೆ ಎಳೆಯಬಾರದು. ಯಂತ್ರ ನಿಲ್ಲಿಸಿ ಉರುಳೆಯನ್ನು ಹಿಂದಕ್ಕೆ ತಿರುಗಿಸಬೇಕು. ರಕ್ತ ಸುರಿಯುವಲ್ಲಿ ಶುಭ್ರ ಬಟ್ಟೆ ಒತ್ತಿ ಹಿಡಿಯಬೇಕು. ಬೆರಳು ತುಂಡಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಒಯ್ಯಬೇಕು. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು.

ಪ್ರತಿ ಹಂಗಾಮಿಗೂ ಗಾಣದ ಪೂಜೆ ಮಾಡಿ, ಕಾಯಿ ಒಡೆದು, ಮೊದಲ ಬೆಲ್ಲವನ್ನು ದೇವರಿಗೆ ಇಡುವವರುಂಟು. ಆ ಪೂಜೆಯ ದಿನವೇ ದೋಣಿ ಭದ್ರವಾಗಿದೆಯೇ, ಗುಂಡಿ ಕೆಲಸ ಮಾಡುತ್ತದೆಯೇ ಎಂದು ನೋಡುವ ಪದ್ಧತಿಯೂ ಬರಲಿ.