ಇವತ್ತು ಮನೆ ಹತ್ರಾನೇ ಬಿಡ್ಲಾ?

ಇವತ್ತಿನ ವಿಷಯ ಕುಡಿತ. ಬೇರೆಯವರದ್ದಲ್ಲ, ನಂದು.

ಮೊದಲೇ ಹೇಳಿಬಿಡ್ತೀನಿ, ಇದು ಕುಡಿತ ಬಿಟ್ಟು ಗೆದ್ದವನ ಕಥೆ ಅಲ್ಲ. ಕಡಿಮೆ ಮಾಡ್ತಾ ಇರೋನ ಕಥೆ. ಹಾಗಾಗಿ ಕೊನೆಯಲ್ಲಿ ಚಪ್ಪಾಳೆ ತಟ್ಟೋ ಅಂಥದ್ದೇನೂ ಬರಲ್ಲ.

ಎರಡು ವರ್ಷದ ಹಿಂದೆ ನಾನೊಂದು ಕಂಪನಿಯ ಕಸ್ಟಮರ್ ಸಪೋರ್ಟ್‌ನಲ್ಲಿದ್ದೆ. ಸೆಕೆಂಡ್ ಶಿಫ್ಟ್. ರಾತ್ರಿ ಒಂಬತ್ತಕ್ಕೆ ಲಾಗೌಟ್, ಆಮೇಲೆ ಆಫೀಸ್ ಕ್ಯಾಬು. ನಮ್ಮ ಮನೆಗಿಂತ ಇನ್ನೂರು ಮೀಟರ್ ಹಿಂದೆ ಒಂದು ವೈನ್ ಸ್ಟೋರ್ ಇದೆ. ದಿನಾ ಅಲ್ಲಿಗೆ ಬರೋ ಹೊತ್ತಿಗೆ ನಾನು, ‘ಅಣ್ಣ, ಇಲ್ಲೇ ನಿಲ್ಸಿ, ಸ್ವಲ್ಪ ಸಾಮಾನು ತಗೋಬೇಕು’ ಅಂತಿದ್ದೆ. ಸಾಮಾನು ಅಂದ್ರೆ 90 ಎಂಎಲ್‌ನ ಎರಡು ಟೆಟ್ರಾ ಪ್ಯಾಕ್, ಒಂದು ಖಾರ ಕಡ್ಲೆಬೀಜದ ಪ್ಯಾಕೆಟ್. ಎಂಟು ತಿಂಗಳು ಹೀಗೇ ನಡೀತು. ಡ್ರೈವರ್ ಅಣ್ಣ ಒಂದು ದಿನಾನೂ ಏನೂ ಕೇಳಲಿಲ್ಲ.

ಬಿಡೋ ಪ್ರಯತ್ನ ಮಾಡಿರಲಿಲ್ಲ ಅಂತಲ್ಲ. ನಾನು ಮಾಲೆ ಹಾಕ್ತೀನಿ. ಆ ವರ್ಷವೂ ನವೆಂಬರ್‌ನಲ್ಲಿ ಅಯ್ಯಪ್ಪನ ಮಾಲೆ ಹಾಕಿದೆ, 41 ದಿನ ಒಂದು ತೊಟ್ಟು ಮುಟ್ಟಲಿಲ್ಲ. ಕಷ್ಟವೂ ಆಗಲಿಲ್ಲ ನೋಡಿ! ಬೆಳಗ್ಗೆ ತಣ್ಣೀರು ಸ್ನಾನ, ಸಂಜೆ ಭಜನೆ, ಸುತ್ತ ಹದಿನೈದು ಜನ ಸ್ವಾಮಿಗಳು. ಆಫೀಸಲ್ಲೂ ಯಾರೂ ‘ಬಾರೋ ಒಂದು ಪೆಗ್ ಹಾಕೋಣ’ ಅನ್ನಲ್ಲ. ಕಪ್ಪು ಪಂಚೆ ನೋಡಿದ ತಕ್ಷಣ ಅವರೇ ಬಾಟ್ಲಿ ಬಚ್ಚಿಡ್ತಾರೆ. ‘ಯಾಕೆ ಕುಡಿಯಲ್ಲ?’ ಅನ್ನೋ ಪ್ರಶ್ನೆಗೆ ಕೊರಳಲ್ಲೇ ಉತ್ತರ ನೇತಾಡ್ತಿರುತ್ತೆ. ಡಿಸೆಂಬರ್ ಕೊನೆಗೆ ಬೆಟ್ಟ ಹತ್ತಿ ಬಂದು ಮಾಲೆ ತೆಗೆದೆ. 31ನೇ ತಾರೀಕು ರಾತ್ರಿ ಏನಾಯ್ತು ಅಂತ ನಾನು ಹೇಳಬೇಕಿಲ್ಲ. 41 ದಿನದ ಬಾಕಿ ಒಂದೇ ವಾರದಲ್ಲಿ ತೀರಿಸಿದೆ.

ನಂಗೆ ಮನಸ್ಸು ಗಟ್ಟಿ ಇಲ್ಲ ಅಂತ ಬೈಕೊಂಡೆ. ಆದ್ರೆ 41 ದಿನ ಇದ್ದ ಮನಸ್ಸು 42ನೇ ದಿನ ಎಲ್ಲಿ ಹೋಯ್ತು? ಇದು ಅರ್ಥ ಆಗೋಕೆ ಬಹಳ ತಿಂಗಳು ಬೇಕಾಯ್ತು. ಮನಸ್ಸು ಎಲ್ಲೂ ಹೋಗಿರಲಿಲ್ಲ. ಆ ಹದಿನೈದು ಜನ ಅವರವರ ಮನೆಗೆ ಹೋಗಿದ್ರು, ಅಷ್ಟೇ.

ಮಾರ್ಚ್‌ನಲ್ಲಿ ತಿಪಟೂರಿಂದ ಅಮ್ಮ ಬಂದ್ರು. ನಾನು ಆಫೀಸಿಗೆ ಹೋದಾಗ ಮನೆ ಕ್ಲೀನ್ ಮಾಡಿದ್ದಾರೆ. ವಾಷಿಂಗ್ ಮಷಿನ್ ಹಿಂದೆ ನಾನು ತುರುಕಿಟ್ಟಿದ್ದ ಖಾಲಿ ಟೆಟ್ರಾ ಪ್ಯಾಕ್‌ಗಳೆಲ್ಲ ಸಿಕ್ಕಿವೆ. ಬಯ್ಯಲಿಲ್ಲ, ಅಳಲಿಲ್ಲ. ಒಂದೊಂದನ್ನೂ ತೊಳೆದು, ಬಾಲ್ಕನಿಯಲ್ಲಿ ಒಣಗಿಸಿ, ಒಣ ಕಸದ ಚೀಲಕ್ಕೆ ಹಾಕಿದ್ದರು. ರಾತ್ರಿ ಊಟಕ್ಕೆ ಕೂತಾಗ, ‘ಇಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡ್ಬೇಕಂತಲ್ಲ. ಮಾಡಿದ್ದೀನಿ. ಇಪ್ಪತ್ತೇಳು ಇದ್ವು ಕಣೋ’ ಅಂದ್ರು. ಸಾರು ಬಡಿಸಿದ್ರು.

ಹತ್ತು ದಿನದ ಹಿಂದೆಯಷ್ಟೇ ಆ ಜಾಗ ಖಾಲಿ ಮಾಡಿದ್ದೆ. ದಿನಕ್ಕೆ ಎರಡೇ ಅಂತ ನನ್ನ ಲೆಕ್ಕ, ಅಂದ್ರೆ ಇಪ್ಪತ್ತು ಇರಬೇಕಿತ್ತು. ಮಿಕ್ಕ ಏಳು ಯಾರು ಕುಡಿದ್ರು? ಕುಡಿಯೋದಕ್ಕಿಂತ ಈ ಸುಳ್ಳು ನಂಗೆ ಹೆದರಿಕೆ ಹುಟ್ಟಿಸ್ತು. ಬೇರೆಯವರಿಗೆ ಹೇಳಿದ ಸುಳ್ಳಲ್ಲ ಅದು, ನಂಗೆ ನಾನೇ ಹೇಳಿಕೊಂಡಿದ್ದು.

ಮಾರನೇ ದಿನ ಕ್ಯಾಬಲ್ಲಿ ಕೂತು ಸುಮ್ಮನೆ ಬರ್ತಿದ್ದೆ. ವೈನ್ ಸ್ಟೋರ್ ಹತ್ರ ಬಂತು. ನಾನು ಬಾಯಿ ಬಿಡೋ ಮುಂಚೆ ಡ್ರೈವರ್ ಅಣ್ಣ ಕನ್ನಡಿಯಲ್ಲಿ ನೋಡಿ, ‘ಸಾರ್, ಇವತ್ತು ಮನೆ ಹತ್ರಾನೇ ಬಿಡ್ಲಾ?’ ಅಂದ್ರು.

ಅಷ್ಟೇ ಕೇಳಿದ್ದು. ನಾನು ‘ಬಿಡಿ ಅಣ್ಣ’ ಅಂದೆ. ಮನೆ ಮುಂದೆ ಗಾಡಿ ನಿಲ್ಲಿಸಿ, ‘ನಾನೂ ಇಳೀತಿದ್ದೆ ಸಾರ್. ಆರು ವರ್ಷ ಆಯ್ತು’ ಅಂದ್ರು. ಅವರ ಹೆಸರು ಹೇಳಲ್ಲ. ಈ ಸಂಚಿಕೆಗೆ ಒಪ್ಪಿಗೆ ಕೇಳಿದಾಗ, ‘ಹೆಸರೂ ಬೇಡ, ಗಾಡಿ ನಂಬರೂ ಬೇಡ ಕಣಪ್ಪ’ ಅಂದಿದ್ದಾರೆ. ಹೆಸರು ಹೇಳದಿರೋದು ಅವರು ಹೋಗೋ ಕೂಟದ ಪದ್ಧತಿ ಕೂಡ. ಆಲ್ಕೋಹಾಲಿಕ್ಸ್ ಅನಾನಿಮಸ್, ಎಲ್ಲರೂ ಎಎ ಅಂತಾರೆ.

ಇದರ ಹುಟ್ಟಿನ ಕಥೆ ನಂಗೆ ತುಂಬ ಇಷ್ಟ. 1935, ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಊರು. ನ್ಯೂಯಾರ್ಕ್‌ನ ಒಬ್ಬ ಷೇರು ವ್ಯವಹಾರದವನು, ಬಿಲ್ ಅಂತ, ಕೆಲಸದ ಮೇಲೆ ಅಲ್ಲಿಗೆ ಬಂದಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ಕೆಲಸ ಕೆಟ್ಟಿತು, ಹೋಟೆಲಿನಲ್ಲಿ ಒಬ್ಬನೇ, ಪಕ್ಕದಲ್ಲೇ ಬಾರು. ಒಳಗೆ ಹೋಗಿಬಿಡ್ತೀನೇನೋ ಅಂತ ಭಯ ಆಗಿ ಫೋನ್ ಹಿಡಿದ. ಅವನು ಹುಡುಕಿದ್ದು ಕುಡಿತದಿಂದ ಒದ್ದಾಡ್ತಿರೋ ಇನ್ನೊಬ್ಬನನ್ನ, ಸುಮ್ಮನೆ ಕೂತು ಮಾತಾಡೋಕೆ. ಸಿಕ್ಕಿದವರು ಬಾಬ್ ಅನ್ನೋ ಸರ್ಜನ್. ಕುಡಿತದಿಂದ ಅವರ ಬದುಕೂ ಹಳ್ಳ ಹಿಡಿದಿತ್ತು. ಇಬ್ಬರೂ ಗಂಟೆಗಟ್ಟಲೆ ಮಾತಾಡಿದ್ರು. ಎಎ ಶುರುವಾಗಿದ್ದು ಅಲ್ಲಿಂದ. ಸಹಾಯ ಮಾಡೋಕೆ ಹೋದವನಿಗೇ ಮೊದಲು ಸಹಾಯ ಬೇಕಿತ್ತು, ಗಮನಿಸಿ.

ಒಂದು ಭಾನುವಾರ ಅಣ್ಣ ನನ್ನನ್ನ ಕನ್ನಡದ ಒಂದು ಓಪನ್ ಮೀಟಿಂಗ್‌ಗೆ ಕರ್ಕೊಂಡು ಹೋದ್ರು. ಓಪನ್ ಅಂದ್ರೆ ಯಾರು ಬೇಕಾದ್ರೂ ಕೂತು ಕೇಳಬಹುದು. ಚರ್ಚ್ ಪಕ್ಕದ ಶಾಲೆಯ ಒಂದು ರೂಮು, ಪ್ಲಾಸ್ಟಿಕ್ ಕುರ್ಚಿ, ಸ್ಟೀಲ್ ಕ್ಯಾನಲ್ಲಿ ಟೀ. ಫೀಸಿಲ್ಲ. ಕೊನೆಗೊಂದು ಡಬ್ಬಿ ಬರುತ್ತೆ, ಇಷ್ಟ ಇದ್ದವರು ಹತ್ತೋ ಇಪ್ಪತ್ತೋ ಹಾಕ್ತಾರೆ. ಗಾರೆ ಕೆಲಸದವರಿದ್ರು, ಬ್ಯಾಂಕ್ ಮ್ಯಾನೇಜರ್ ಆಗಿದ್ದವರೊಬ್ಬರಿದ್ರು. ಒಬ್ಬರು, ಮಗಳ ನಾಮಕರಣದ ದಿನ ತೊಟ್ಟಿಲು ತರೋಕೆ ಹೋಗಿ ಮೂರು ದಿನ ಬಿಟ್ಟು ಬಂದಿದ್ದು ಹೇಳಿದ್ರು. ಕೆಲವರು ನಕ್ಕರು. ಅಣಕಿಸೋ ನಗು ಅಲ್ಲ, ‘ಹೌದಪ್ಪ, ನಾನೂ ಮಾಡಿದ್ದೆ’ ಅನ್ನೋ ನಗು. ಆ ಥರ ನಗೋದನ್ನ ನಾನು ಬೇರೆಲ್ಲೂ ಕೇಳಿರಲಿಲ್ಲ.

ಆದ್ರೂ ಹೊರಗೆ ಬಂದು ಅಣ್ಣನಿಗೆ, ‘ನಂದು ಆ ಲೆವೆಲ್ ಅಲ್ಲ ಅಣ್ಣ. ನಾನು ಪೂರ್ತಿ ಬಿಡಲ್ಲ, ಕಡಿಮೆ ಮಾಡ್ತೀನಿ’ ಅಂದೆ. ಎಎಯಲ್ಲಿ ಕಡಿಮೆ ಮಾಡೋ ದಾರಿ ಇಲ್ಲ, ಅಲ್ಲಿರೋದು ನಿಲ್ಲಿಸಬೇಕು ಅನ್ನೋರು. ಅಣ್ಣ ವಾದ ಮಾಡಲಿಲ್ಲ. ಮೂಲೆ ಅಂಗಡಿಯಲ್ಲಿ ಟೀ ಕೊಡಿಸಿದ್ರು. ನನ್ನ ಗ್ಲಾಸು ನಡುಗ್ತಿತ್ತು. ಅವರು ಗ್ಲಾಸನ್ನೇ ನೋಡ್ತಾ, ‘ಬೆಳಗ್ಗೆ ಹೊತ್ತು ಜಾಸ್ತಿ ನಡುಗುತ್ತಾ?’ ಅಂದ್ರು. ಹೌದು ಅಂದೆ. ‘ಕಡಿಮೆ ಮಾಡೋದು ಆಮೇಲೆ. ಮೊದಲು ಡಾಕ್ಟರ ಹತ್ರ ಹೋಗು. ಸಡನ್ನಾಗಿ ನಿಲ್ಲಿಸಬೇಡ.’ ಅವರ ಊರಲ್ಲಿ ಒಬ್ಬ ಹಟಕ್ಕೆ ಬಿದ್ದು ಒಂದೇ ಏಟಿಗೆ ಬಿಟ್ಟು, ಎರಡನೇ ದಿನ ಫಿಟ್ಸ್ ಬಂದು ಬಿದ್ದಿದ್ದನಂತೆ.

ಇದನ್ನ ದಯವಿಟ್ಟು ಎರಡು ಸಲ ಕೇಳಿಸಿಕೊಳ್ಳಿ. ದಿನಾ ಜಾಸ್ತಿ ಕುಡಿಯೋರ ದೇಹ ಅದಕ್ಕೆ ಒಗ್ಗಿಬಿಟ್ಟಿರುತ್ತೆ. ತಟ್ಟನೆ ನಿಂತರೆ ಕೈ ನಡುಕ, ಬೆವರು, ನಿದ್ದೆ ಬಾರದಿರೋದು, ಕೆಲವರಿಗೆ ಫಿಟ್ಸ್, ಇನ್ನು ಕೆಲವರಿಗೆ ಇಲ್ಲದ್ದೆಲ್ಲ ಕಂಡಂತಾಗಿ ಭ್ರಮೆ. ಪ್ರಾಣಕ್ಕೇ ಅಪಾಯ ಆಗಬಹುದು. ಸ್ನೇಹಿತರು ಎಷ್ಟೇ ಒಳ್ಳೆಯವರಿರಲಿ, ಇದು ಅವರು ನೋಡ್ಕೊಳ್ಳೋ ಕೆಲಸ ಅಲ್ಲ, ಡಾಕ್ಟರದ್ದು. ಬೆಂಗಳೂರಲ್ಲಿ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. ಯಾರ ಹತ್ರ ಹೋಗಬೇಕು ಅಂತ ಗೊತ್ತಾಗದಿದ್ರೆ ಟೆಲಿ ಮನಸ್, 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಾನು ಹೋದ ಡಾಕ್ಟರು ಹತ್ತು ಪ್ರಶ್ನೆ ಕೇಳಿದ್ರು. ಆಡಿಟ್ ಅಂತ, ವಿಶ್ವ ಆರೋಗ್ಯ ಸಂಸ್ಥೆಯವರು ಮಾಡಿರೋ ಪ್ರಶ್ನಾವಳಿ. ಒಟ್ಟು 40ಕ್ಕೆ ನಂಗೆ 18. ಪರೀಕ್ಷೆಯಲ್ಲಿ ಬಂದಿದ್ರೆ ಬೇಜಾರಾಗ್ತಿತ್ತು, ಇಲ್ಲಿ 8 ಮುಟ್ಟಿದ್ರೇನೇ ಎಚ್ಚರಿಕೆ! ರಕ್ತ ಪರೀಕ್ಷೆ ಮಾಡಿಸಿದ್ರು, ವಿಟಮಿನ್ ಬಿ1 ಮಾತ್ರೆ ಕೊಟ್ರು, ವಾರಕ್ಕೊಮ್ಮೆ ಬಾ, ನಿಧಾನವಾಗಿ ಇಳಿಸೋಣ, ನಡುಕ ಜಾಸ್ತಿ ಆದ್ರೆ ಆ ಕ್ಷಣ ಬಾ ಅಂದ್ರು. ‘ಕೆಲವರಿಗೆ ಎಣಿಸಿ ಕುಡಿಯೋದಕ್ಕಿಂತ ಪೂರ್ತಿ ಬಿಡೋದೇ ಸುಲಭ. ನೀವು ಯಾವ ಥರದವರು ಅಂತ ಕೆಲವು ತಿಂಗಳಲ್ಲಿ ಗೊತ್ತಾಗುತ್ತೆ’ ಅಂತಾನೂ ಹೇಳಿದ್ರು. ಎಣಿಸೋದು ಹೇಗೆ ಅಂತ ಕಲಿಸಿದ್ದೂ ಅವರೇ. 30 ಎಂಎಲ್ ವಿಸ್ಕಿನೋ ಬ್ರಾಂದಿನೋ ಒಂದು ಲೆಕ್ಕ, ಅದರಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್. ಹಾಗಾದ್ರೆ ಒಂದು 90 ಅಂದ್ರೆ ಮೂರು, ಕ್ವಾರ್ಟರ್ ಅಂದ್ರೆ ಆರು. ‘ಬಿಯರ್ ತಾನೇ’ ಅಂತೀವಲ್ಲ, ಎಂಟು ಪರ್ಸೆಂಟಿನ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟ್ಲಿ ಒಂದರಲ್ಲೇ ಇಂಥ ನಾಲ್ಕು ಲೆಕ್ಕ ಇರುತ್ತೆ. ಅಮ್ಮನ ಇಪ್ಪತ್ತೇಳು ಪ್ಯಾಕ್ ಭಾಗಿಸಿ ನೋಡಿದೆ. ದಿನಕ್ಕೆ ಎಂಟು.

ಇದನ್ನ ಅಣ್ಣನಿಗೆ ಹೇಳಿದಾಗ ಅವರಂದ್ರು, ‘ದಿನಾ ರಾತ್ರಿ ಮಲಗೋ ಮುಂಚೆ ನಂಗೆ ಆ ನಂಬರ್ ವಾಟ್ಸಾಪ್ ಮಾಡು. ಬೇರೇನೂ ಬರೀಬೇಡ. ಸುಳ್ಳು ಮಾತ್ರ ಬೇಡ.’

8. 8. 7. 7. 7. 6. ಹೀಗೆ ಶುರುವಾಯ್ತು. ಅವರ ಕಡೆಯಿಂದ ಬರ್ತಿದ್ದಿದ್ದು ಒಂದು ಹೆಬ್ಬೆಟ್ಟು, ಅಷ್ಟೇ. 8 ಕಳಿಸಿದ್ರೂ ಅದೇ ಹೆಬ್ಬೆಟ್ಟು, 3 ಕಳಿಸಿದ್ರೂ ಅದೇ. ಮೊದಮೊದಲು ಬೇಜಾರಾಗ್ತಿತ್ತು, ಮೂರಕ್ಕಿಳಿದಾಗ ‘ಶಭಾಷ್’ ಅನ್ನಬಾರದಾ ಅಂತ. ಆಮೇಲೆ ಅರ್ಥ ಆಯ್ತು. ಮೂರಕ್ಕೆ ಶಭಾಷ್ ಅಂದಿದ್ರೆ, ಏಳು ಕುಡಿದ ದಿನ ನಾನು ಸುಳ್ಳು ಹೇಳ್ತಿದ್ದೆ.

ಎರಡು ತಿಂಗಳಲ್ಲಿ ಇದು ಗ್ರೂಪ್ ಆಯ್ತು. ನನ್ನ ರೂಮ್‌ಮೇಟ್ ಸೇರಿದ. ಆಮೇಲೆ ನಮ್ಮ ಟೀಮಿನ ಒಬ್ಬ ಹುಡುಗಿ, ಅವಳೇ ಕೇಳಿ ಸೇರಿದ್ದು. ಅವಳ ಕಷ್ಟ ನಮ್ಮದಕ್ಕಿಂತ ಬೇರೆ. ನಾನು ಕುಡಿದು ಸಿಕ್ಕಿಬಿದ್ರೆ ‘ಗಂಡು ಹುಡುಗ, ಸರಿ ಹೋಗ್ತಾನೆ’ ಅಂತಾರೆ. ಅವಳಿಗೆ ಆ ಮಾತು ಸಿಗಲ್ಲ. ಅದಕ್ಕೇ ಅವಳು ಯಾರಿಗೂ ಹೇಳಿರಲಿಲ್ಲ, ಡಾಕ್ಟರಿಗೂ ಹೇಳಿರಲಿಲ್ಲ. ಬರೀ ಗಂಡಸರು ಕೂತಿರೋ ಮೀಟಿಂಗ್‌ಗೆ ಬರೋಕೆ ಆಗಲ್ಲ ಅಂದ್ಲು. ಹೆಂಗಸರಿಗೇ ಅಂತ ಆನ್‌ಲೈನ್ ಮೀಟಿಂಗ್‌ಗಳಿವೆ, ಈಗ ಕ್ಯಾಮೆರಾ ಆಫ್ ಮಾಡ್ಕೊಂಡು ಅದಕ್ಕೆ ಹೋಗ್ತಾಳೆ. ನಮ್ಮ ನಾಲ್ವರಲ್ಲಿ ಪೂರ್ತಿ ನಿಲ್ಲಿಸಿರೋದು ಅಣ್ಣನ ಜೊತೆಗೆ ಅವಳೊಬ್ಬಳೇ.

ಹಳ್ಳಿ ಕಡೆಯಿಂದ ಕೇಳ್ತಿರೋರಿಗೆ ಇದೆಲ್ಲ ಸಿಟಿ ವಿಷಯ ಅನ್ನಿಸಬಹುದು. ಹಾಗೇನಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರ ನಿಮ್ಮೂರ ಹತ್ರಾನೂ ನಡೆದಿರಬಹುದು. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರ್ತಾ ಇರೋಕೆ ನವಜೀವನ ಸಮಿತಿ ಅಂತ ಮಾಡ್ತಾರೆ. ನನ್ನ ಕೇಳಿದ್ರೆ ಶಿಬಿರಕ್ಕಿಂತ ಆ ಸಮಿತಿಯೇ ಮುಖ್ಯ. ಮಾಲೆ ತೆಗೆದ 42ನೇ ದಿನಕ್ಕೆ ನಂಗೆ ಬೇಕಿದ್ದಿದ್ದು ಅದೇ.

ಇನ್ನೊಂದು ರಾತ್ರಿ ವಿಷಯ ಹೇಳ್ಬೇಕು. ಕಳೆದ ವರ್ಷ ಗೆಳೆಯನ ಮದುವೆ, ಹಿಂದಿನ ದಿನ ಪಾರ್ಟಿ. ನಾಲ್ಕು ತಿಂಗಳಿಂದ ನಾನು ವಾರಕ್ಕೆ ಒಂದೋ ಎರಡೋ ಅಂತ ಇಳಿದಿದ್ದೆ. ‘ಇವತ್ತೊಂದಿನ’ ಅಂದ್ರು. ರಾತ್ರಿ ಎರಡು ಗಂಟೆಗೆ ಛತ್ರದ ಮೆಟ್ಟಿಲ ಮೇಲೆ ಕೂತು ಗ್ರೂಪ್‌ಗೆ 11 ಅಂತ ಕಳಿಸಿದೆ. ಕಳಿಸದೇ ಇರಬಹುದಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ. ಬೈಕಿನ ಕೀ ಕೈಯಲ್ಲಿತ್ತು.

ಅಣ್ಣ ಏರ್‌ಪೋರ್ಟ್ ಟ್ರಿಪ್‌ನಲ್ಲಿದ್ರು, ಎಚ್ಚರ ಇದ್ರು. ಹೆಬ್ಬೆಟ್ಟು ಬಂತು. ಆಮೇಲೆ ಫೋನ್ ಬಂತು. ‘ಕೀ ಎಲ್ಲಿದೆ?’ ಹೇಳಿದೆ. ‘ಮದುವೆ ಹುಡುಗನ ಅಪ್ಪನ ಕೈಗೆ ಕೊಡು, ನಾನು ಲೈನಲ್ಲಿರ್ತೀನಿ.’ ಮದುವೆ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಅಂಕಲ್‌ನ ಎಬ್ಬಿಸಿ ಬೈಕ್ ಕೀ ಕೊಡೋದು ಎಂಥ ಮರ್ಯಾದೆ ಕೆಲಸ ಅಂತ ಯೋಚನೆ ಮಾಡಿ! ಕೊಟ್ಟೆ. ‘ನೀರು ಕುಡಿದು ಮಲ್ಕೋ’ ಅಂತ ಫೋನ್ ಇಟ್ರು. ಬೆಳಗ್ಗೆ ಎದ್ದಾಗ ರೂಮ್‌ಮೇಟ್, ಆ ಹುಡುಗಿ ಇಬ್ಬರೂ ಅವರವರ ನಂಬರ್ ಹಾಕಿದ್ರು, ದಿನಾ ಹಾಕೋ ಹಾಗೇ. ನನ್ನ 11ರ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ. ಮೂರು ದಿನ ಆದ್ಮೇಲೆ ಟೀ ಕುಡಿಯೋವಾಗ ಅಣ್ಣ ಕೇಳಿದ್ರು, ‘ಅವತ್ತು ಎಷ್ಟನೇದಾದ ಮೇಲೆ ಎಣಿಸೋದು ಕಷ್ಟ ಆಯ್ತು?’ ನಾಲ್ಕು ಅಂದೆ. ‘ಹಂಗಾದ್ರೆ ನಿಂಗೆ ಮೂರಾದ ಮೇಲೆ ಕುರ್ಚಿಯಿಂದ ಎದ್ದು ಬರೋ ಒಂದು ಕಾರಣ ಬೇಕು’ ಅಂದ್ರು. ಅದಾದ ಮೇಲೆ ಯಾವ ಪಾರ್ಟಿಗೆ ಹೋದ್ರೂ ಒಂಬತ್ತೂವರೆಗೆ ರೂಮ್‌ಮೇಟ್ ಫೋನ್ ಮಾಡ್ತಾನೆ. ನಾನು ಗಂಭೀರವಾಗಿ ‘ಹೌದಾ, ಈಗ್ಲೇ ಬರ್ತೀನಿ’ ಅಂತ ಎದ್ದು ಬರ್ತೀನಿ. ನಮ್ಮ ಗೆಳೆಯರು ಅವನಿಗೆ ಏನೋ ದೊಡ್ಡ ಕಾಯಿಲೆ ಇದೆ ಅಂದ್ಕೊಂಡಿದ್ದಾರೆ.

ಕಡಿಮೆ ಮಾಡೋದರಲ್ಲೇ ಇರ್ತೀನಾ, ಪೂರ್ತಿ ಬಿಡ್ತೀನಾ? ಡಾಕ್ಟರು ಹೇಳಿದ ಕೆಲವು ತಿಂಗಳು ಯಾವಾಗಲೋ ದಾಟಿದೆ. ಬಿಡೋ ಕಡೆಗೇ ವಾಲ್ತಿದ್ದೀನಿ ಅನ್ಸುತ್ತೆ, ಯಾಕಂದ್ರೆ ಎಣಿಸಿ ಎಣಿಸಿ ಸುಸ್ತಾಗಿದೆ. ಅಣ್ಣನಿಗೆ ಇನ್ನೂ ಹೇಳಿಲ್ಲ. ಇದನ್ನ ಕೇಳಿ ಗೊತ್ತಾಗುತ್ತೆ.

ಅಂದ ಹಾಗೆ ಈಗ ರಾತ್ರಿ ಹತ್ತೂವರೆ. ಇವತ್ತಿಂದು ಇನ್ನೂ ಕಳಿಸಿಲ್ಲ. ಮೈಕ್ ಆಫ್ ಮಾಡಿ ಕಳಿಸ್ತೀನಿ. ಇವತ್ತು ಸೊನ್ನೆ. ಹೆಬ್ಬೆಟ್ಟು ಮಾತ್ರ ಅದೇ ಬರುತ್ತೆ.