ಸಾಲವಿರುವ ಮೋಟಾರು ಸೈಕಲ್ ಮಾರುವ ಮುನ್ನ



ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಮನೆಗಳು ಒಂದೆಡೆ ಗುಂಪಾಗಿರುವುದಿಲ್ಲ. ತೋಟದ ಮಗ್ಗುಲಿಗೆ ಒಂದು, ಗುಡ್ಡದಾಚೆ ಇನ್ನೊಂದು. ಡೈರಿಗೆ ಹಾಲು ಒಯ್ಯಲು, ಸೊಸೈಟಿಯಿಂದ ಮೈಲುತುತ್ತ ತರಲು, ಮಕ್ಕಳನ್ನು ಬಸ್ಸಿಗೆ ಬಿಡಲು ಮೋಟಾರು ಸೈಕಲ್ ಬೇಕೇ ಬೇಕು. ಅನೇಕರು ಅದನ್ನು ಕಂತಿನ ಸಾಲದಲ್ಲಿ ಕೊಳ್ಳುತ್ತಾರೆ. ಅಡಿಕೆಗೆ ಕೊಳೆರೋಗ ಬಂದು ಫಸಲು ಕೈಬಿಟ್ಟ ವರ್ಷ ಮೊದಲು ಮಾರಾಟಕ್ಕೆ ಬರುವುದೂ ಅದೇ. ಮಾರುವುದರಲ್ಲಿ ತಪ್ಪಿಲ್ಲ. ಆದರೆ ಕ್ರಮ ತಪ್ಪಿದರೆ ಗಾಡಿ ಹೋಗುತ್ತದೆ, ಸಾಲ ಮನೆಯಲ್ಲೇ ಉಳಿಯುತ್ತದೆ.

ರೂಢಿಯಲ್ಲಿ ನಡೆಯುವುದು ಹೀಗೆ. ಕೊಳ್ಳುವವನು ಸ್ವಲ್ಪ ಹಣ ಕೊಟ್ಟು, ಉಳಿದ ಕಂತು ತಾನೇ ಕಟ್ಟುವುದಾಗಿ ಛಾಪಾ ಕಾಗದದಲ್ಲಿ ಬರೆದುಕೊಟ್ಟು ಗಾಡಿ ಒಯ್ಯುತ್ತಾನೆ. ಆ ಕಾಗದ ಅವರಿಬ್ಬರ ನಡುವಿನದು, ಸಾಲ ಕೊಟ್ಟವರಿಗೆ ಅದರ ಸಂಬಂಧವಿಲ್ಲ. ಕಂತು ನಿಂತರೆ ನೋಟೀಸು ಬರುವುದು ಮಾರಿದವನಿಗೆ, ಆಮೇಲೆ ಜಾಮೀನು ನಿಂತ ನೆಂಟನಿಗೆ. ಸಾಲದ ದಾಖಲೆ ಕೆಟ್ಟಿತೆಂದರೆ ಮುಂದೆ ಬ್ಯಾಂಕಿನಲ್ಲಿ ತೋಟಕ್ಕೆ ಸಾಲ ಕೇಳುವಾಗಲೂ ಅದೇ ಅಡ್ಡ ಬರುತ್ತದೆ.

ಕಾನೂನು ಏನು ಹೇಳುತ್ತದೆ? ನೋಂದಣಿ ಪತ್ರದಲ್ಲಿ ಹೈಪಾಥಿಕೇಷನ್ ಎಂದು ಸಾಲ ಕೊಟ್ಟವರ ಹೆಸರು ದಾಖಲಾಗಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 51ನೇ ಕಲಮಿನಂತೆ ಅವರ ಲಿಖಿತ ಒಪ್ಪಿಗೆಯಿಲ್ಲದೆ ಮಾಲೀಕತ್ವದ ವರ್ಗಾವಣೆ ದಾಖಲಾಗುವುದಿಲ್ಲ. ಅಂದರೆ ಗಾಡಿ ಯಾರ ಮನೆಯಲ್ಲಿದ್ದರೂ ಪತ್ರದಲ್ಲಿ ಹಳೆಯ ಹೆಸರೇ. ಇದು ಬರೀ ಕಾಗದದ ಮಾತಲ್ಲ. ಹಲವು ಕೈ ದಾಟಿದ್ದ ಒಂದು ಕಾರು 2009ರಲ್ಲಿ ಅಪಘಾತ ಮಾಡಿತು. ಪರಿಹಾರದ ಹೊಣೆ ನೋಂದಣಿ ಪತ್ರದಲ್ಲಿ ಹೆಸರಿದ್ದವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿತು. ಆ ಕಾರಿಗೆ ವಿಮೆ ಇರಲಿಲ್ಲ. ಮಳೆಗಾಲದ ಘಾಟಿ ರಸ್ತೆಯಲ್ಲಿ ಓಡುವ ಗಾಡಿಯ ವಿಷಯದಲ್ಲಿ ಇದನ್ನು ಮರೆಯತಕ್ಕದ್ದಲ್ಲ.

ಇನ್ನು ಲೆಕ್ಕ. ಅರ್ಧ ಕಂತು ಕಟ್ಟಿದರೆ ಅರ್ಧ ಸಾಲ ತೀರಿತೆಂಬ ಭಾವನೆ ಸರಿಯಲ್ಲ. 80,000 ರೂಪಾಯಿ ಸಾಲವನ್ನು ಇಳಿಯುವ ಬಾಕಿಯ ಮೇಲೆ ಶೇಕಡಾ 12ರ ಬಡ್ಡಿಗೆ 36 ತಿಂಗಳಿಗೆ ಪಡೆದರೆ ಕಂತು ಸುಮಾರು 2,657 ರೂಪಾಯಿ. 18 ಕಂತು ಕಟ್ಟಿದ ಮೇಲೂ ಅಸಲು ಬಾಕಿ ಸುಮಾರು 43,570 ರೂಪಾಯಿ ಇರುತ್ತದೆ. ಮೊದಲ ಕಂತುಗಳಲ್ಲಿ ಬಡ್ಡಿಯ ಪಾಲು ಹೆಚ್ಚಾದ್ದರಿಂದ ಹೀಗೆ. ಹಾಗೆಯೇ, ಉಳಿದ 18 ಕಂತುಗಳನ್ನು ಕೂಡಿಸಿ 47,826 ರೂಪಾಯಿ ಬಾಕಿಯೆಂದು ಒಪ್ಪುವುದೂ ಬೇಡ. ಅವಧಿಗೆ ಮುಂಚೆ ಸಾಲ ಮುಗಿಸಲು ಇಂದಿಗೆ ಎಷ್ಟು ಕಟ್ಟಬೇಕು, ಶುಲ್ಕವೆಷ್ಟು ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಿರಿ. ಗಾಡಿಯ ಬೆಲೆ ಅದಕ್ಕಿಂತ ಕಡಿಮೆಯಾಗಿದ್ದರೆ ವ್ಯತ್ಯಾಸವನ್ನು ಮಾರುವವನೇ ಕೈಯಿಂದ ಹಾಕಬೇಕಾಗುತ್ತದೆ. ಇದನ್ನು ಬೆಲೆ ಮಾತಾಡುವ ಮೊದಲೇ ತಿಳಿದಿರುವುದು ಲೇಸು.

ಕೊಳ್ಳುವವನನ್ನೂ ಜೊತೆಗೆ ಕರೆದುಕೊಂಡು ಸಾಲದ ಕಚೇರಿಗೇ ಹೋಗಬೇಕು. ಬಾಕಿಯ ಹಣವನ್ನು ಅವನು ನೇರವಾಗಿ ಸಾಲದ ಖಾತೆಗೆ ಕಟ್ಟಲಿ, ಮಿಕ್ಕದ್ದನ್ನು ಮಾರುವವನಿಗೆ ಕೊಡಲಿ. ಇದರಿಂದ ಇಬ್ಬರಿಗೂ ಭಯವಿಲ್ಲ. ಅಡಿಕೆ ಮಂಡಿಯ ಪಟ್ಟಿ ಬಂದ ಮೇಲೆ ಕೊಡುತ್ತೇನೆ ಎನ್ನುವವನಿದ್ದರೆ, ಪಟ್ಟಿ ಬರುವವರೆಗೆ ಗಾಡಿಯೂ ಕೊಟ್ಟಿಗೆಯಲ್ಲೇ ನಿಂತಿರಲಿ!

ಸಾಲ ತೀರಿದೊಡನೆ ಬಾಕಿಯಿಲ್ಲವೆಂಬ ಪತ್ರ, ಸಾಲ ಕೊಟ್ಟವರು ಸಹಿ ಹಾಕಿದ 35ನೇ ನಮೂನೆ ಎರಡನ್ನೂ ಪಡೆಯಬೇಕು. ಹೈಪಾಥಿಕೇಷನ್ ತೆಗೆಸಲು 35ನೇ ನಮೂನೆ, ಹೆಸರು ಬದಲಿಸಲು 29 ಮತ್ತು 30ನೇ ನಮೂನೆಗಳು. ಕೆ.ಎ. 15 ಎಂದಿದ್ದರೆ ಸಾಗರದ ನೋಂದಣಿ, ಕೆ.ಎ. 14 ಎಂದಿದ್ದರೆ ಶಿವಮೊಗ್ಗದ್ದು. ಕೊಳ್ಳುವವನು ಬೇರೆ ಕಚೇರಿಯ ವ್ಯಾಪ್ತಿಯವನಾದರೆ ನಿರಾಕ್ಷೇಪಣಾ ಪತ್ರ ಬೇಕೇ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು. ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ತಿಳಿಸತಕ್ಕದ್ದು. 'ಅವನೇ ಮಾಡಿಸಿಕೊಳ್ಳುತ್ತಾನೆ' ಎಂದು ಸಹಿ ಹಾಕಿದ ಖಾಲಿ ನಮೂನೆ ಕೊಟ್ಟು ಸುಮ್ಮನಾಗುವುದು ಬೇಡ. ಹೊಸ ಹೆಸರು ಬಂತೇ ಎಂಬುದನ್ನು ಈಗ ಮೊಬೈಲಿನ ಎಂ-ಪರಿವಾಹನ್‌ನಲ್ಲೂ ನೋಡಬಹುದು.

ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವನು 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಮಾರಿದವನು ಮಾರಾಟದ ಪತ್ರ, ಹಣ ಕಟ್ಟಿದ ರಶೀದಿ, ಕಚೇರಿಗೆ ಕೊಟ್ಟ ನಮೂನೆಗಳ ಪ್ರತಿ, ಗಾಡಿ ಒಪ್ಪಿಸಿದ ದಿನಾಂಕ ಮತ್ತು ಗಂಟೆ ಬರೆದ ಚೀಟಿ ಇವಿಷ್ಟನ್ನು ಪಹಣಿ ಇಡುವ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಲಿ.